ಕಿವಿ ಅಳೆಯುವವಳು
ಸದ್ದು ಬಿದ್ದಾಗ ಕಿವಿತಮಟೆ ನಡುಗುವುದನ್ನು ಲೇಸರ್ ಬೆಳಕಿನಿಂದ ಅಳೆಯುವ ಈ ಮೇಡಂ ಕೆಲಸಕ್ಕೆ ಕೂತರೆ ಲ್ಯಾಬಿನ ಕಾರಿಡಾರಿನವರೆಲ್ಲ ಬೆಕ್ಕಿನ ಹೆಜ್ಜೆ ಇಡಬೇಕು, ಯಾರಾದರೂ ಸೀನಿದರೆ "ಅಯ್ಯೋ, ನನ್ನ ಗ್ರಾಫು ಹೋಯ್ತಲ್ರೀ!" ಎಂದು ಹಣೆ ಚಚ್ಚಿಕೊಳ್ಳುತ್ತಾಳೆ. ನೆಂಟರ ಹೆಸರು ಮರೆತರೂ ಅವರ ಕಿವಿ ಮರೆಯುವುದಿಲ್ಲ. ಕೂದಲೆಳೆಯ ಸಾವಿರದಲ್ಲೊಂದು ಪಾಲು ಅಲುಗಿದರೂ ತನ್ನ ಕಣ್ಣಿಗೆ ಬೀಳುತ್ತದೆಂಬ ಜಂಬ ಬೇರೆ. ಮನೆಯಲ್ಲಿ ತಾನು ಹೇಳಿದ್ದಕ್ಕೆಲ್ಲ ಅಮ್ಮ ತಲೆಯಾಡಿಸುವುದು ತನ್ನ ಮೇಲಿನ ಗೌರವಕ್ಕೆ ಎಂದೇ ನಂಬಿದ್ದಳು. ಮೊನ್ನೆ ಹೊಸ ಯಂತ್ರವನ್ನು ಪರೀಕ್ಷಿಸಲು ಅಮ್ಮನನ್ನು ಕೂರಿಸಿದರೆ ತೆರೆಯ ಮೇಲಿನ ಗೆರೆ ಏಳಲೇ ಇಲ್ಲ. ಯಂತ್ರವನ್ನು ಬೈದು, ವೈರು ಬದಲಿಸಿ, ತನ್ನ ಕಿವಿಗೆ ಹಿಡಿದಾಗ ಗೆರೆ ಕುಣಿಯಿತು. "ಎಷ್ಟು ದಿನದಿಂದ ಕೇಳಿಸ್ತಿಲ್ಲಮ್ಮಾ?" ಎಂದು ಎದುರಿಗೆ ಕೂತು ಕೂಗಿದಳು. "ನಾಲ್ಕು ವರ್ಷ ಆಯ್ತು. ದಿನವಿಡೀ ಕಿವಿ ನೋಡಿ ಬರ್ತೀಯ, ಮನೇಲೂ ಅದೇ ಯಾಕೆ ಅಂತ ಸುಮ್ನಿದ್ದೆ ಕಣೇ," ಎಂದಳು ಅಮ್ಮ.