ರಾಗಿ ವಾಡೆಯಲ್ಲಿ ಕಾರ್ನ್‌ಫ್ಲೇಕ್ಸ್

ನಾವು ಹಾಲು ಮಾರುವವರು, ಅದಕ್ಕೇ ನಮ್ಮ ಮನೆಯಲ್ಲಿ ಯಾರೂ ಹಾಲು ಕುಡಿಯುತ್ತಿರಲಿಲ್ಲ. ಹೀಗೆಂದರೆ ನನ್ನ ಮಕ್ಕಳು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು. ಅಪ್ಪ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮುಂದೆ, ಅಮ್ಮ ಹೊಲದಲ್ಲಿ; ನನ್ನ ಬೆಳಗುಗಳೆಲ್ಲ ಅಜ್ಜಿಯವು. ಫ್ಯಾಕ್ಟರಿಯ ಮೊದಲ ಸೈರನ್ ಮಂಜಿನೊಳಗಿಂದ ತೇಲಿ ಬರುವ ಹೊತ್ತಿಗೆ ಅವಳು ನಮ್ಮ ಒಂದೇ ಒಂದು ಹಸುವಿನ ಹಾಲು ಕರೆದು, ನೊರೆ ಇಳಿಯಲು ಬಿಟ್ಟು, ಕ್ಯಾನಿನ ಮುಚ್ಚಳ ಒತ್ತಿ, ತಲೆಯ ಮೇಲೆ ಸಿಂಬಿ ಇಟ್ಟುಕೊಂಡಿರುತ್ತಿದ್ದಳು. ನನಗೆ ರಾಗಿ ಹುರಿಹಿಟ್ಟು, ಬೆಲ್ಲ, ಬಿಸಿನೀರು. ಇಲ್ಲವೇ ರಾತ್ರಿಯ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿದ್ದು, ಆ ಮಜ್ಜಿಗೆಯೂ ಪಕ್ಕದ ಮನೆಯಿಂದ ಕೇಳಿ ತಂದದ್ದು.

ಊರ ಡೈರಿಯಲ್ಲಿ ಅಜ್ಜಿಗೆ ಒಂದು ಮರ್ಯಾದೆ ಇತ್ತು. ನೀರು ಬೆರೆಸಿದ್ದಾರೋ ಎಂದು ನೋಡಲು ಎಲ್ಲರ ಹಾಲಿಗೂ ಒಂದು ಗಾಜಿನ ಕೊಳವೆ ಅದ್ದುತ್ತಿದ್ದರು, ಅಜ್ಜಿಯ ಹಾಲಿಗೆ ಅದ್ದುತ್ತಿರಲಿಲ್ಲ. ಸೀದಾ ಅಳೆದು ಹುಯ್ದುಕೊಳ್ಳುತ್ತಿದ್ದರು. ಅಷ್ಟರಮಟ್ಟಿಗೆ ಅವಳಿಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ. ಯಾರಾದರೂ ಕಡಿಮೆ ಹಾಲು ತಂದು, "ಕರ ಹಗ್ಗ ಬಿಚ್ಕೊಂಡು ಕುಡ್ದುಬಿಡ್ತು" ಎಂದರೆ ಸಾಕು, ಅಜ್ಜಿ ಸಾಲಿನಲ್ಲಿ ನಿಂತೇ, "ಅವರ ಮನೆ ಕರೂನ ನೋಡ್ರವ್ವ, ಕೈ ಬಂದವೆ ಅದಕ್ಕೆ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನೆಪ ಹೇಳಿದವರು ಮಾತ್ರ ನಗುತ್ತಿರಲಿಲ್ಲ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮ ಮುಂದಿನ ಕೋಣೆಗೆ ಬಾಡಿಗೆಗೆ ಬೊಂಬಾಯಿ ಕಡೆಯ ಸಂಸಾರ ಬಂತು. ಗಂಡ ಪೀಣ್ಯದಲ್ಲಿ ಸೂಪರ್ವೈಸರ್, ಒಬ್ಬಳು ಮಗಳು, ನನ್ನದೇ ವಯಸ್ಸು. ಆ ಹುಡುಗಿ ದಿನಾ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಕೂತು ಬಿಳಿ ಪಿಂಗಾಣಿ ಬಟ್ಟಲಲ್ಲಿ ಕಾರ್ನ್‌ಫ್ಲೇಕ್ಸ್ ತಿನ್ನುತ್ತಿದ್ದಳು. ಡಬ್ಬದಿಂದ ಬಟ್ಟಲಿಗೆ ಬೀಳುವಾಗ ಒಣಗಿದ ಎಲೆ ಸರಿದಂಥ ಸದ್ದು. ಆಮೇಲೆ ಅವಳಮ್ಮ ಹಾಲು ಹುಯ್ಯುತ್ತಿದ್ದರು. ನಮ್ಮ ಹಸುವಿನ ಹಾಲು, ನಮ್ಮ ಅಜ್ಜಿಯೇ ಅಳೆದು ಮಾರಿದ ಹಾಲು! ಎಳೆಬಿಸಿಲಲ್ಲಿ ಆ ಹಳದಿ ಚೂರುಗಳು ಬಿಳುಪಿನ ಮೇಲೆ ತೇಲುವುದನ್ನು ನಾನು ಬಾಗಿಲಿಗೆ ಒರಗಿ ನೋಡುತ್ತಿದ್ದೆ, ಕೈಯಲ್ಲಿ ಹುರಿಹಿಟ್ಟಿನ ಉಂಡೆ. ಹೊಟ್ಟೆ ಉರಿಯುತ್ತಿತ್ತು, ಬೇರೆ ಮಾತೇ ಇಲ್ಲ.

ಮುಂದಿನ ವರ್ಷ ಆಷಾಢದಲ್ಲಿ ಅವರಿಗೆ ವರ್ಗವಾಯಿತು. ಲಾರಿಗೆ ಸಾಮಾನು ಏರಿಸುವಾಗ ಆ ಹುಡುಗಿಯ ಅಮ್ಮ ಒಡೆಯದ ಹೊಸ ಡಬ್ಬವೊಂದನ್ನು ನನ್ನ ಕೈಯಲ್ಲಿಟ್ಟು ಕೆನ್ನೆ ತಟ್ಟಿದರು. ಡಬ್ಬದ ಮೇಲೆ ಬಟ್ಟಲಿನ ಚಿತ್ರ, ಮೇಲಿನಿಂದ ಬಾಗಿ ಇಳಿಯುತ್ತಿರುವ ಹಾಲು. ಲಾರಿ ತುಮಕೂರು ರಸ್ತೆ ಮುಟ್ಟುವ ಮೊದಲೇ ನಾನು ಕೊಟ್ಟಿಗೆಯಲ್ಲಿದ್ದೆ.

"ಅಜ್ಜಿ, ಹಾಲ್ ಹಾಕು."

"ಯಾವ ಆಲು? ಅದು ಡೈರೀದು."

"ಆ ಹುಡುಗೀಗೆ ಕೊಡ್ತಿದ್ದೆ?"

"ಅವರು ಕೊಂಡ್ಕತಿದ್ರು. ಮಜ್ಜಿಗೆ ಆಕ್ಕೊಡ್ಲಾ?"

ಮಜ್ಜಿಗೆಯಂತೆ. ನಾನು ಆ ದಿನವೆಲ್ಲ ಅನ್ನ ಮುಟ್ಟಲಿಲ್ಲ. ಸಣ್ಣವಳಿದ್ದಾಗಿಂದ ನನ್ನದು ಮೂಗಿನ ತುದಿಯಲ್ಲೇ ಸಿಟ್ಟು. ಸಂಜೆ ಅಜ್ಜಿ ಪಕ್ಕದಲ್ಲಿ ಬಂದು ಕೂತಳು. "ಅಸ ಗಬ್ಬ ಆಗದೆ. ದೀಪಾವಳಿ ಆಸುಪಾಸಿಗೆ ಕರ ಆಕ್ತದೆ. ಮೊದ್ಲು ಏಳು ದಿನದ ಆಲು ಡೈರಿಯೋರು ಮುಟ್ಟಾಕಿಲ್ಲ. ಅದು ಕರೂಗೂ ನಿಂಗೂ. ಅಲ್ಲೀಗಂಟ ಇದನ್ನ ರಾಗಿ ಒಳಗೆ ಮಡಗಾನ, ತಂಡಿ ಇಡಿಯಾಕಿಲ್ಲ."

ನಡುಮನೆಯ ಮೂಲೆಯಲ್ಲಿ ರಾಗಿ ತುಂಬಿಡುವ ವಾಡೆ ಇತ್ತು, ನನಗಿಂತ ಎತ್ತರದ ಮಣ್ಣಿನ ಹರವಿ. ಡಬ್ಬ ಒಡೆದು ಒಳಗಿನ ಪೊಟ್ಟಣವನ್ನು ಮಾತ್ರ ಅಜ್ಜಿ ಅದರೊಳಗೆ ಹುಗಿದಳು. ಖಾಲಿ ಡಬ್ಬ ನನ್ನ ತಲೆದಿಂಬಿನ ಪಕ್ಕ ಸೇರಿತು.

ಆ ಮಳೆಗಾಲ ಈಗ ನೆನಪಿಗೆ ಬರುವುದು ಒಂದು ನಿದ್ದೆಯ ಹಾಗೆ. ಹೊರಗೆ ಜಿಟಿಜಿಟಿ, ದೂರದಲ್ಲಿ ಕಾರ್ಖಾನೆಗಳ ಗುಂಯ್ ಎನ್ನುವ ಸದ್ದು, ಅಪ್ಪನ ಅಂಗಿಯಿಂದ ಕಬ್ಬಿಣ ಮತ್ತು ಎಣ್ಣೆಯ ವಾಸನೆ. ಸ್ಕೂಲಿನಿಂದ ಬಂದವಳೇ ಒರಳಿನ ಮೇಲೆ ಹತ್ತಿ ವಾಡೆಯೊಳಕ್ಕೆ ಕೈ ಇಳಿಬಿಡುತ್ತಿದ್ದೆ. ರಾಗಿ ತಣ್ಣಗೆ, ಮೆತ್ತಗೆ, ಭುಜದ ತನಕ ನನ್ನನ್ನು ಎಳೆದುಕೊಳ್ಳುತ್ತಿತ್ತು. ಎಲ್ಲೋ ಆಳದಲ್ಲಿ ಬೆರಳ ತುದಿಗೆ ಪೊಟ್ಟಣ ತಾಗಿದರೆ ಒಂದು ಸಣ್ಣ ಚರಚರ. ಕಣ್ಣು ಮುಚ್ಚಿ ಹಾಗೇ ನಿಂತಿರುತ್ತಿದ್ದೆ. ಮನೆಯೊಳಗೆ ನನ್ನದೆಂದು ಇದ್ದದ್ದು ಅದೊಂದೇ, ಅದೂ ಕಾಣದ ಜಾಗದಲ್ಲಿ. ಅಮ್ಮ ವಾರವಾರ ಮಿಲ್ಲಿಗೆ ರಾಗಿ ತೆಗೆದಂತೆ ವಾಡೆಯ ಮಟ್ಟ ಇಳಿಯುತ್ತಾ ಹೋಯಿತು, ಹಸುವಿನ ಹೊಟ್ಟೆ ದಪ್ಪಗಾಗುತ್ತಾ ಬಂತು. ಮಹಾನವಮಿಗೆ ಮುಂಚೆ ಅಜ್ಜಿ ಹಾಲು ಕರೆಯುವುದನ್ನು ಬಿಟ್ಟಳು. ದೀಪಾವಳಿಗೆ ಪೊಟ್ಟಣದ ಕಿವಿ ರಾಗಿಯ ಮೇಲೆ ತಾನಾಗಿಯೇ ಕಾಣಿಸಿಕೊಂಡಿತ್ತು.

ಹಬ್ಬ ಕಳೆದು ಮೂರನೇ ಬೆಳಿಗ್ಗೆ ಹಸು ಕರು ಹಾಕಿತು. ಹೆಣ್ಣು ಕರು, ಹಣೆಯ ಮೇಲೆ ಬಿಳಿ ಚುಕ್ಕೆ. ಕರು ಕುಡಿದ ಮೇಲೆ ಅಜ್ಜಿ ಒಂದು ಚೊಂಬು ಕರೆದು ಒಲೆಯ ಮೇಲಿಟ್ಟಳು. ನಾನು ಕಂಚಿನ ಬಟ್ಟಲಿಗೆ ಪೊಟ್ಟಣದಿಂದ ಒಂದು ಹಿಡಿ ಹಾಕಿಕೊಂಡು ಚಕ್ಕಳಮಕ್ಕಳ ಕೂತೆ. ಬಂದದ್ದು ಹಾಲಲ್ಲ. ಮೊದಲ ದಿನದ ಹಾಲು ಬಿಸಿಗೆ ಗಟ್ಟಿಯಾಗಿ ಗಿಣ್ಣಾಗುತ್ತದೆ ಎಂಬುದು ಹಸು ಸಾಕಿದ ಮನೆಯ ಮಗುವಿಗೆ ಗೊತ್ತಿರಬೇಕಿತ್ತು. ಪ್ರತಿ ಸಲವೂ ಬೆಲ್ಲ ಹಾಕಿಕೊಂಡು ತಿಂದಿದ್ದೆನಲ್ಲ! ನಾಲ್ಕು ತಿಂಗಳ ಕನಸಿನಲ್ಲಿ ಅದನ್ನು ಮರೆತೇಬಿಟ್ಟಿದ್ದೆ. ಹಳದಿ ಗಡ್ಡೆಗಳ ನಡುವೆ ಕಾರ್ನ್‌ಫ್ಲೇಕ್ಸ್ ಅಂಟಿಕೊಂಡು ಕೂತವು.

"ಇದು ಹಾಲಲ್ಲ," ಎಂದು ಬಟ್ಟಲು ದೂಡಿದೆ.

"ತಿನ್ನವ್ವ, ರುಚಿಯಾಗದೆ. ಎರಡು ದಿನ ಕಳೀಲಿ, ನೀರಾಯ್ತದೆ."

ನಾನು ಎದ್ದು ಹೋದೆ. ಎರಡಲ್ಲ, ಏಳು ದಿನ ಆ ಕಡೆ ತಲೆ ಹಾಕಲಿಲ್ಲ. ಅಜ್ಜಿ ದಿನಾ ಕರೆದಳು, ನಾನು ದಿನಾ ಬೆನ್ನು ತಿರುಗಿಸಿದೆ. ನನ್ನ ಮುನಿಸು ಇಳಿಯುವಷ್ಟರಲ್ಲಿ ಹಾಲು ಹಾಲಾಗಿತ್ತು. ಎಂಟನೇ ದಿನ ಅದು ಕ್ಯಾನಿಗೆ ಬಿದ್ದು ಡೈರಿಗೆ ಹೋಯಿತು. ಕೇಳಲು ನನಗೆ ಬಾಯಿ ಬರಲಿಲ್ಲ. ಪೊಟ್ಟಣದ ಬಾಯಿ ಕಟ್ಟಿ ಮತ್ತೆ ವಾಡೆಗೆ ಹಾಕಿದೆ, ಈ ಸಲ ಅದು ನನ್ನ ಕೈಗೆ ಎಟುಕದಷ್ಟು ಕೆಳಗೆ ಬಿತ್ತು. ಅಜ್ಜಿ ನೋಡುತ್ತಿದ್ದಳು.

ಅದಾಗಿ ನಾಲ್ಕೈದು ದಿನ ಕಳೆದಿತ್ತು. ಬೆಳಿಗ್ಗೆ ಕಣ್ಣುಬಿಟ್ಟರೆ ಅಜ್ಜಿ ಪೊಟ್ಟಣ ಹಿಡಿದು ಕೂತಿದ್ದಾಳೆ. ಅವಳ ಕೈಯೆಲ್ಲ ರಾಗಿ ಧೂಳು.

"ಏಳು. ಮಖ ತೊಳ್ಕೊಂಬಾ."

ಅಜ್ಜಿ ಕ್ಯಾನಿನ ಮುಚ್ಚಳ ತೆಗೆದಳು. ಒತ್ತಿದ ಮುಚ್ಚಳವನ್ನು ಅವಳು ಮನೆಯಲ್ಲಿ ತೆಗೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕ್ಯಾನು ವಾಲಿತು. ಡಬ್ಬದ ಮೇಲಿನ ಚಿತ್ರದ ಹಾಗೆಯೇ ಹಾಲು ಬಾಗಿ ಇಳಿಯಿತು, ನೊರೆ ಸಮೇತ, ಕಂಚಿನ ಅಂಚಿನ ತನಕ. ರುಚಿಯ ಮಾತು ಬಿಡಿ. ಚೂರುಗಳು ಮೆತ್ತಗಾಗಿದ್ದವು, ರಾಗಿಯ ವಾಸನೆ ಹೊಡೆಯುತ್ತಿದ್ದವು, ಹುರಿಹಿಟ್ಟೇ ಎಷ್ಟೋ ವಾಸಿ. ಆದರೂ ಅಂಥ ಬೆಳಗು ನನ್ನ ಪಾಲಿಗೆ ಮತ್ತೆ ಬರಲಿಲ್ಲ. ಬಟ್ಟಲಲ್ಲಿ ಬಿಸಿಲು ಬಿದ್ದಿತ್ತು, ಕರು ಕೊಟ್ಟಿಗೆಯಲ್ಲಿ ಅಂಬಾ ಎನ್ನುತ್ತಿತ್ತು. ಅಜ್ಜಿಗೂ ಒಂದು ತುತ್ತು ಕೊಟ್ಟೆ. "ಅಪ್ಪಳದ ಚೂರು ನೆಂದಂಗದೆ," ಎಂದಳು. ಬಟ್ಟಲೆತ್ತಿ ತಳದ ಹಾಲನ್ನೆಲ್ಲ ಕುಡಿದೆ.

ಆಮೇಲೆ ಅವಳ ಜೊತೆ ಡೈರಿಗೆ ಹೋದೆ. ಸಾಲಿನಲ್ಲಿ ಊರೇ ನಿಂತಿತ್ತು. ಅಳೆಯುವಾತ ಹಾಲನ್ನು ಅಳತೆಯ ಪಾತ್ರೆಗೆ ಹುಯ್ದುಕೊಂಡು, ಕ್ಯಾನನ್ನು ಬಗ್ಗಿಸಿ ನೋಡಿದ.

"ಏನಜ್ಜಿ, ಇವತ್ತು ಇಷ್ಟು ಕಮ್ಮಿ?"

ನಿಜ ಹೇಳಬಹುದಿತ್ತು. ಮೊಮ್ಮಗಳು ಕುಡಿದಳು ಎಂದರೆ ಯಾರೂ ಏನೂ ಅನ್ನುತ್ತಿರಲಿಲ್ಲವೇನೋ. ಆದರೆ ಹಾಗೆ ಹೇಳಿದರೆ ಊರೆಲ್ಲ ನನ್ನನ್ನು ಆಡಿಕೊಳ್ಳುತ್ತದೆ ಎಂದು ಅವಳಿಗೆ ಅನ್ನಿಸಿರಬೇಕು. ಅಜ್ಜಿ ಸೆರಗು ಸರಿಮಾಡಿಕೊಂಡಳು.

"ಕರ ಹಗ್ಗ ಬಿಚ್ಕೊಂಡು ಕುಡ್ದುಬಿಡ್ತು ಕಣಪ್ಪ."

ಹಿಂದಿನಿಂದ ಒಬ್ಬಾಕೆ, "ನಿಮ್ಮ ಕರೂಗೂ ಕೈ ಬಂದ್ವಾ ಅಜ್ಜಿ?" ಎಂದಳು. ಸಾಲು ಪೂರ್ತಿ ನಕ್ಕಿತು.

"ಊಂ ಕಣವ್ವ, ಬಂದ್ವು," ಎಂದಳು ಅಜ್ಜಿ.

ಅಳೆಯುವಾತ ಕ್ಯಾನು ಕೆಳಗಿಟ್ಟ. ಆಮೇಲೆ ಗಾಜಿನ ಕೊಳವೆ ತೆಗೆದು ನಮ್ಮ ಹಾಲಿಗೆ ಅದ್ದಿದ. ಕೊಳವೆ ಸರಿಯಾದ ಗೆರೆಗೇ ನಿಂತಿತು, ಅದನ್ನು ಎಲ್ಲರೂ ಬಗ್ಗಿ ನೋಡಿದರು. ಅಜ್ಜಿ ನೋಡಲಿಲ್ಲ. ಅವಳು ಕೆಳಗೆ ಬಾಗಿ, ಸೆರಗಿನ ತುದಿಯಿಂದ ನನ್ನ ಮೇಲ್ದುಟಿಯ ಹಾಲು ಒರೆಸುತ್ತಿದ್ದಳು.