ಎದುರುಮನೆ ತನಕ ಹೋದ ನೀರು

ಅಂದು ಜೋಳ ಹಸನು ಮಾಡಿದೆ, ಪುಂಡಿಸೊಪ್ಪು ಬಿಡಿಸಿದೆ, ಅಂಗಳ ತೊಳೆದೆ. ತೊಳೆದ ನೀರು ಎಂದಿನಂತೆ ಮೋರಿಯಲ್ಲೇ ನಿಂತಿತು.

"ಎಲ್ಲಾ ನೀರು ಸಮುದ್ರಕ್ಕೇ ಹೋಗ್ತದರಿ ಅಕ್ಕಾ" ಅಂದಳು, ನಮ್ಮ ಬಾಡಿಗೆ ಕೋಣೆಯ ಹುಡುಗಿ. ದಿನಾ ಅನ್ನುತ್ತಿದ್ದಳು, ಹುಬ್ಬಿಗೆ ಕೈ ಅಡ್ಡ ಹಿಡಿದು, ನಾರಾಯಣಖೇಡದ ತೊಗರಿ ಹೊಲದಾಚೆ ಅಲೆ ಕಂಡವಳ ಹಾಗೆ. ಅವಳು ಓದಿದ್ದು ಕಡಲಾಮೆಗಳ ರಕ್ಷಣೆ. ಓಣಿಗೆಲ್ಲ ಅವಳು ಸಮುದ್ರದ ಟೀಚರ್.

ಕಡಲತೀರದ ಸಂಸ್ಥೆಯೊಂದು ಕೆಲಸ ಕೊಡುವ ಮುಂಚೆ, ಜನರಿಗೆ ಪಾಠ ಮಾಡಿದ ವಿಡಿಯೊ ಕೇಳಿತ್ತು. ಅಂದೇ ಕಡೆಯ ದಿನ. ನಾನು ಫೋನು ಹಿಡಿದೆ. ಪಾಠಕ್ಕೆ ಸಿಕ್ಕವಳು ಎದುರುಮನೆಯ ಕುರಿಯಾಕೆ ಒಬ್ಬಳೇ.

"ಆಮಿ ಪ್ಲಾಸ್ಟಿಕ್ ತಿಂದು ಸಾಯ್ತಾವರಿ."

"ನನ್ನ ಕುರಿನೂ ಹಂಗೇ ಸತ್ತದ. ನಿನ್ನ ಆಮಿಗಿ ನೀ ಅಳ್ತಿ, ನನ್ನ ಕುರಿಗಿ ಯಾರವ್ವಾ?"

ಹುಬ್ಬಿನ ಕೈ ಇಳಿಯಿತು. ಟೀಚರ್ ಮೋರಿಗಿಳಿದು ನೀರಿಗೆ ಅಡ್ಡ ಸಿಕ್ಕಿದ್ದ ಕ್ಯಾರಿಬ್ಯಾಗು ಎಳೆಯತೊಡಗಿದಳು. ಕುರಿಯಾಕೆಯೂ ಸೆರಗು ಸಿಕ್ಕಿಸಿ ಇಳಿದಳು. ನೀರು ಹರಿಯಿತು. ವಿಡಿಯೊ ಸಂಸ್ಥೆಗೆ ಹೋಯಿತು.

ಸಂಜೆಯೇ ಉತ್ತರ ಬಂತು: ಇದರಲ್ಲಿ ಸಮುದ್ರವೇ ಇಲ್ಲ, ಕೆಲಸವೂ ಇಲ್ಲ. ನಾವು ಸಮುದ್ರವನ್ನು ಎಲ್ಲಿ ಬಚ್ಚಿಟ್ಟಿದ್ದೆವೋ!

"ನೀರು ಈಗ ಹೊಂಟದರಿ ಅಕ್ಕಾ, ಸಮುದ್ರ ಮುಟ್ಟಾಕ ಟೈಮ್ ಹತ್ತತದ" ಅಂದಳು ಟೀಚರ್.

ರೊಟ್ಟಿ, ಪುಂಡಿಪಲ್ಯ ಉಂಡೆವು. ಮೊದಲು ಮಲಗಿದವಳು ಟೀಚರ್. ಎದುರುಮನೆಯಾಕೆ ಮಾತ್ರ ಇನ್ನೂ ಕೂಗುತ್ತಿದ್ದಳು: "ಯವ್ವಾ, ನಿನ್ನ ಸಮುದ್ರ ನನ್ನ ಬಾಗಿಲಾಗ ನಿಂತದ!"