ಕೂಗದ ಮೈಕಿನ ಮಾವ

ಅವರ ಬಲಗಿವಿ ಎಡಗಿವಿಗಿಂತ ಒಂದು ಸುತ್ತು ದೊಡ್ಡದಿತ್ತು. ಹುಟ್ಟಿನಿಂದಲೇ ಹಾಗೋ, ಮೂವತ್ತು ವರ್ಷ ಆ ಕಿವಿಯ ಹಿಂದೆ ಟೆಸ್ಟರ್ ಸಿಕ್ಕಿಸಿಕೊಂಡು ಅಗಲವಾದದ್ದೋ ನಾನರಿಯೆ. ಕೇಳಿದರೆ, ‘ಕೇಂಡ್ ಕೇಂಡ್ ಬೆಳ್ದದ್’ ಎನ್ನುತ್ತಿದ್ದರು, ಕೇಳಿ ಕೇಳಿಯೇ ಬೆಳೆದದ್ದಂತೆ.

ಸಾಸ್ತಾನದಿಂದ ಬೈಂದೂರಿನವರೆಗೆ ಯಕ್ಷಗಾನವಿರಲಿ, ಮದುವೆಯಿರಲಿ, ಧ್ವನಿವರ್ಧಕ ಅವರದ್ದೇ. ಊರಿಗೆಲ್ಲ ‘ಮೈಕಿನವರು’, ಕುಂದಾಪುರದಲ್ಲಿ ಅವರ ನೆರೆಮನೆಯವನಾದ ನನಗೆ ಮಾವ.

ಮಾವನಿಗೆ ಎರಡು ವ್ರತಗಳಿದ್ದವು. ಮೊದಲನೆಯದು, ಮೈಕು ಕೂಗಬಾರದು. ಸ್ಪೀಕರ್ ಪೆಟ್ಟಿಗೆಯ ಎದುರು ಮೈಕು ಬಂದರೆ ಕುಂಯ್ ಎಂದು ಕಿರುಚುತ್ತದಲ್ಲ, ಅದು. ‘ಮೈಕ್ ಕೂಗಿರೆ ಮೈಕಿನವ ಸತ್ತ ಲೆಕ್ಕ’ ಎನ್ನುವರು. ನಿಜವೇ. ಒಮ್ಮೆ ಕುಂಯ್ ಎಂದರೆ ಸಾಕು, ಜನ ಭಾಷಣಕಾರನನ್ನು ಬಿಟ್ಟು ಮೂಲೆಯಲ್ಲಿ ಕುಳಿತ ಮೈಕಿನವನತ್ತ ತಿರುಗುತ್ತಾರೆ. ಆ ನೋಟ ತಮ್ಮ ಮೇಲೆ ಒಂದು ಸಲವೂ ಬಿದ್ದಿಲ್ಲವೆಂಬುದೇ ಅವರ ಜೀವಮಾನದ ಆಸ್ತಿ.

ಎರಡನೆಯದು, ದನಿ ಮಾರ್ದನಿಸುವ ಎಕೋ ಸುಮ್ಮಸುಮ್ಮನೆ ಹಾಕಬಾರದು. ಅದರ ಗುಂಡಿಗೆ ಕೆಂಪು ಟೇಪು ಸುತ್ತಿಟ್ಟಿದ್ದರು. ಯಕ್ಷಗಾನದಲ್ಲಿ ಅಶರೀರವಾಣಿ ಕೇಳಿಸುವಾಗ ಮಾತ್ರ ಬಿಚ್ಚುವುದು. ಸಂಘವೊಂದರ ಅಧ್ಯಕ್ಷರು ತಮ್ಮ ಭಾಷಣಕ್ಕೂ ಸ್ವಲ್ಪ ಎಕೋ ಇರಲಿ ಎಂದಾಗ, ‘ನೀವ್ ಮೇಲಿಂದ ಮಾತಾಡ್ತ್ರ್ಯಾ, ಕೆಳ್ಗಿಂದ್ಲಾ?’ ಎಂದು ಮಾವ ಕೇಳಿದ್ದರು. ಅಧ್ಯಕ್ಷರು ಕೆಳಗಿಂದಲೇ ಎಂದದ್ದಕ್ಕೆ, ‘ಹಂಗಾರೆ ಬ್ಯಾಡ.’

ಎರಡು ಸಾವಿರದ ಆರೋ ಏಳೋ ಇರಬೇಕು. ನನ್ನ ಅಕ್ಕನ ಮಗ ಮಣಿಪಾಲದಲ್ಲಿ ಕಾಲೇಜಿಗೆ ಹೋಗುವ ಹೆಸರಿನಲ್ಲಿ ಗಿಟಾರ್ ಕಲಿಯುತ್ತಿದ್ದ. ಅವನೂ ಮೂವರು ಗೆಳೆಯರೂ ನುಡಿಸುವುದು ಸ್ಪೇಸ್ ರಾಕ್ ಅಂತೆ. ಕೇಳಿದವರಿಗೆ ಭೂಮಿ ಬಿಟ್ಟು ಚುಕ್ಕಿಗಳ ನಡುವೆ ತೇಲಿದಂತಾಗಬೇಕಂತೆ. ಊರಲ್ಲೊಂದು ಕಾರ್ಯಕ್ರಮ ಮಾಡಿಸು ಎಂದು ಕಾಡಿದ. ಅರವತ್ತು ಕುರ್ಚಿಯ ಮಿನಿ ಹಾಲ್ ಗೊತ್ತು ಮಾಡಿ ಮಾವನಿಗೆ ಹೇಳಿದೆ. ಎಂಥ ಕಾರ್ಯಕ್ರಮ ಎಂದರು. ಅಂತರಿಕ್ಷದ ಹಾಡು ಎಂದೆ.

‘ಹಂಗಾರೆ ನಾರದ ಇರ್ಕಲ್ಲ. ಯಾರ್ ಮಾಡುದ್?’

ಆ ಶನಿವಾರ ಬೆಳಿಗ್ಗೆ ಹಾಲ್‌ನಲ್ಲಿ ನಾಮಕರಣವಾಗಿತ್ತು. ವೇದಿಕೆಯಲ್ಲಿ ಥರ್ಮೋಕೋಲಿನ ಚಂದ್ರ, ನಕ್ಷತ್ರ, ನಡುವೆ ತೂಗುಬಿಟ್ಟ ತೊಟ್ಟಿಲು ಹಾಗೇ ಇದ್ದವು. ತಮಗಾಗಿಯೇ ಮಾಡಿಸಿದ ಶೃಂಗಾರವೆಂದು ಹುಡುಗರು ನನ್ನ ಕೈ ಕುಲುಕಿದರು. ನಾನು ತಿದ್ದಲು ಹೋಗಲಿಲ್ಲ. ಅಳಿಯ ಎಕೋ ಬೇಕೆಂದ. ಮಾವ ಕೆಂಪು ಟೇಪಿನ ಮೇಲೆ ಹೆಬ್ಬೆರಳಿಟ್ಟು, ನಾರದ ಬಾರದ ಸಿಟ್ಟಿಗೋ ಏನೋ, ಆಗದು ಎಂದುಬಿಟ್ಟರು.

ಸಂಜೆ ಏಳಕ್ಕೆ ಶುರುವಾಯಿತು. ಹತ್ತು ನಿಮಿಷ ಸುಸೂತ್ರ. ಆಮೇಲೆ ಅಳಿಯ ಕಣ್ಣು ಮುಚ್ಚಿ, ಗಿಟಾರನ್ನು ಸ್ಪೀಕರ್ ಪೆಟ್ಟಿಗೆಗೆ ಎದುರಾಗಿ ಹಿಡಿದ. ಕುಂಯ್! ಅರವತ್ತು ತಲೆಗಳು ಮೂಲೆಗೆ ತಿರುಗಿದವು. ಮೈಮೇಲೆ ಹಲ್ಲಿ ಬಿದ್ದವರಂತೆ ಮಾವ ಹಾರಿ ಸದ್ದು ಇಳಿಸಿದರು. ಅವನು ಮತ್ತೆ ಹಿಡಿದ, ಇವರು ಮತ್ತೆ ಇಳಿಸಿದರು. ಮೂರನೆಯ ಸಲ ಹಿಂದಿನ ಸಾಲಿನವರು ಇದೇನೋ ಪಂದ್ಯವೆಂದುಕೊಂಡು ಚಪ್ಪಾಳೆ ತಟ್ಟಿದರು.

ಅಳಿಯ ನುಡಿಸುವುದನ್ನು ಬಿಟ್ಟು ಕೆಳಗಿಳಿದು ಬಂದ.

‘ಮೈಕಿನವ್ರೆ, ಅದ್ ಕೂಗ್ಕೇ. ಕೂಗುದೇ ಹಾಡ್.’

ಮಾವ ಕಿವಿಯಿಂದ ಟೆಸ್ಟರ್ ತೆಗೆದು, ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿದರು.

‘ಕೂಗುದೇ ಹಾಡಾರೆ, ಮೂವತ್ತ್ ವರ್ಷ ನಾನ್ ಎಂತ ಮಾಡ್ದೆ ಮಾರಾಯಾ?’

ಹುಡುಗನ ಮೊದಲ ಕಾರ್ಯಕ್ರಮ. ಮುಖ ಅಳುವ ಹಾಗಾಗಿತ್ತು. ಮಾವ ಅವನ ಮುಖ ನೋಡಿದರು, ತಮ್ಮನ್ನೇ ನೋಡುತ್ತಿದ್ದ ಜನರನ್ನೂ ನೋಡಿದರು. ಪರೀಕ್ಷೆಗೆಂದು ‘ಹಲೋ’ ಹೇಳುವುದು ಬಿಟ್ಟರೆ ಮೈಕಿನಲ್ಲಿ ಒಂದು ಮಾತೂ ಆಡದಿದ್ದ ಮನುಷ್ಯ ಮೈಕು ಎತ್ತಿಕೊಂಡರು.

‘ಹಲೋ. ಇನ್ಮೇಲೆ ಕೂಗುದ್ ಮೈಕ್ ಅಲ್ಲ. ಮಾಣಿ ಬೇಕಂತ್ಲೇ ಕೂಗ್ಸುದ್. ದಯಮಾಡಿ ನನ್ ಬದಿ ಕಾಣ್ಬೇಡಿ.’

ಹೀಗೆ ಮಾನವನ್ನು ಭದ್ರಮಾಡಿಕೊಂಡ ಮೇಲೆ ಕೆಂಪು ಟೇಪು ಕಿತ್ತರು.

ಮೂವತ್ತು ವರ್ಷ ಆ ಕೂಗಿನ ಬಾಗಿಲು ಕಾಯ್ದವರಿಗೆ, ಎಷ್ಟು ತೆರೆದರೆ ಎಷ್ಟು ಬಂದೀತೆಂದು ಬೇರೆ ಯಾರು ಹೇಳಿಕೊಡಬೇಕು? ಅಳಿಯ ಎಬ್ಬಿಸಿದ ಕೂಗನ್ನು ಬೆರಳ ತುದಿಯಲ್ಲೇ ಏರಿಸಿದರು, ಇನ್ನೇನು ಕಿವಿ ಒಡೆಯಿತು ಎನ್ನುವಾಗ ಹಿಡಿದರು, ಎಕೋದಲ್ಲಿ ದೂರ ಕಳಿಸಿ ಮತ್ತೆ ಕರೆಸಿಕೊಂಡರು. ಥರ್ಮೋಕೋಲಿನ ಚಂದ್ರ ನಡುಗಿದ. ಖಾಲಿ ತೊಟ್ಟಿಲು ತಾನಾಗಿ ತೂಗಿತು. ಬಾಗಿಲಲ್ಲಿದ್ದ ವಾಚ್‌ಮನ್ ಚಪ್ಪಲಿ ಕಳಚಿಟ್ಟು ಕೈಮುಗಿದ; ಎಕೋ ಬಂತೆಂದರೆ ದೇವರ ಮಾತು ಎಂದೇ ಅವನ ಲೆಕ್ಕ.

ಮುಗಿದ ಮೇಲೆ, ಹೇಗಾಯಿತು ಮಾವ ಎಂದೆ.

‘ಒಂದ್ ಮಾತೂ ಗೊತ್ತಾಯ್ಲ. ಆರೆ ಮೇಲಿಂದ್ಲೇ ಬಂದದ್. ಅಡ್ಡಿಲ್ಲೆ’ ಎಂದು ಹೊಸ ಟೇಪು ಹರಿದು ಗುಂಡಿಗೆ ಸುತ್ತಿದರು.

ಕೆಲವು ವರ್ಷಗಳ ನಂತರ ಮಾವ ತೀರಿಕೊಂಡರು. ಶ್ರದ್ಧಾಂಜಲಿ ಸಭೆ ಅದೇ ಹಾಲ್‌ನಲ್ಲಿ. ಅವರು ಯಾವತ್ತೂ ವೇದಿಕೆಯಲ್ಲಿ ಕೂತವರಲ್ಲ ಎಂದು ಅತ್ತೆ ಹಟ ಹಿಡಿದು ಫೋಟೋವನ್ನು ಅವರ ಮೂಲೆಯಲ್ಲೇ ಒಂದು ಕುರ್ಚಿಯ ಮೇಲೆ ಇಡಿಸಿದ್ದರು. ಮೈಕು ಬಾಗಿಲ ಬಳಿ ಕೂತಿದ್ದ ಯಾರೋ ಹೊಸಬರದ್ದು. ನಾನು ಬರೆದು ತಂದ ಚೀಟಿ ಬಿಚ್ಚಿ ಬಾಯಿ ತೆರೆಯುವಷ್ಟರಲ್ಲಿ ಕುಂಯ್ ಎಂದಿತು. ಇಡೀ ಸಭೆ, ಅಭ್ಯಾಸಬಲ, ಮೂಲೆಗೆ ತಿರುಗಿ ಫೋಟೋವನ್ನು ನೋಡಿತು.

ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡೆ.

‘ಅವ್ರ್ ಬದಿ ಕಾಣ್ಬೇಡಿ’ ಎಂದೆ. ‘ಅದ್ ಅವ್ರದ್ದಲ್ಲ.’